ಪೆಟ್ರಾದಲ್ಲಿ ಸಮಾಧಿಗಳನ್ನು ಕಂಡೆ, ಊರು ಎಲ್ಲಿತ್ತು?

ಒಂಟಿ ಪಯಣಿಗಿತ್ತಿ:
ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರಿನಲ್ಲಿ ಜೋರ್ಡಾನಿಗೆ ಒಬ್ಬಳೇ ಹೋಗಿ, ಬಂಡೆಗಳಲ್ಲಿ ಕೊರೆದ ಪ್ರಾಚೀನ ನಗರ ಪೆಟ್ರಾ ನೋಡಿ ಬಂದೆ. ಪ್ರವಾಸಕಥನ ಬರೆದು ನಿಮ್ಮ ತಾಳ್ಮೆ ಪರೀಕ್ಷಿಸುವ ಉದ್ದೇಶ ನನಗಿಲ್ಲ. ಆದರೆ ಊರಿಗೆ ಮರಳಿದ ಮೇಲೆ ಅಮ್ಮ ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ ಕುಳಿತಿದ್ದೇನೆ, ಬಲ್ಲವರು ಹೇಳಬೇಕು.

ಬೆಳಗ್ಗೆ ಆರೂವರೆಗೆ ಅಮ್ಮಾನಿನಿಂದ ಹೊರಡುವ ಬಸ್ಸು ಹಿಡಿದು, ಮರುಭೂಮಿಯ ಹೆದ್ದಾರಿಯಲ್ಲಿ ತೂಕಡಿಸುತ್ತ ಪೆಟ್ರಾದ ಪಕ್ಕದ ಪಟ್ಟಣ ವಾದಿ ಮೂಸಾ ತಲುಪಿದೆ. ಟಿಕೆಟ್ಟಿನ ಬಾಗಿಲು ದಾಟಿ ಸ್ವಲ್ಪ ದೂರ ನಡೆದರೆ ಸೀಕ್ ಎಂಬ ಕಣಿವೆಯ ಬಾಯಿ ಸಿಗುತ್ತದೆ. ಸುಮಾರು 1.2 ಕಿಲೋಮೀಟರ್ ಉದ್ದದ ಆ ಸೀಳಿನಲ್ಲಿ ಎರಡೂ ಬದಿಯ ಬಂಡೆಗಳು ಕೆಲವೆಡೆ ಎಷ್ಟು ಹತ್ತಿರ ಬರುತ್ತವೆಂದರೆ ತಲೆ ಎತ್ತಿದರೆ ಆಕಾಶ ನೂಲಿನಂತೆ ಕಾಣುತ್ತದೆ. ಕೊನೆಯ ತಿರುವಿನಲ್ಲಿ, ಬಂಡೆಯಲ್ಲೇ ಕೊರೆದ ಅಲ್ ಖಜ್ನೆ ಎದುರಾಯಿತು. ಹೆಸರು ಕೇಳಿದೊಡನೆ ನಗು ಬಂತು, ಏಕೆಂದರೆ ಅದು ನಮ್ಮ ಖಜಾನೆಯೇ. ಅರಬ್ಬಿಯ ಆ ಪದವನ್ನೇ ನಾವು ತಾಲ್ಲೂಕು ಕಚೇರಿಯಲ್ಲಿ ದಿನವೂ ಬಳಸುತ್ತೇವೆ. ಸುಮಾರು 40 ಮೀಟರ್ ಎತ್ತರದ ಆ ಮುಂಭಾಗದ ನೆತ್ತಿಯಲ್ಲಿ ಕಲ್ಲಿನ ಕಲಶವೊಂದಿದೆ. ಅದರೊಳಗೆ ಚಿನ್ನವಿದೆ ಎಂದು ನಂಬಿ ಹಿಂದೆ ಮರುಭೂಮಿಯ ಅಲೆಮಾರಿಗಳಾದ ಬೆದೂಯಿನರು ಗುಂಡು ಹಾರಿಸಿದ ಗುರುತುಗಳು ಕೆಳಗಿನಿಂದಲೇ ಕಾಣುತ್ತವೆ. ಪಾಪ, ಅದು ಒಳಗೂ ಹೊರಗೂ ಗಟ್ಟಿ ಮರಳುಗಲ್ಲು.

ಅಲ್ಲಿ ಒಂದೂವರೆ ಗಂಟೆ ಕುಳಿತೆ. ಆಮೇಲೆ ಬಂಡೆಯಲ್ಲಿ ಕೊರೆದ ರಂಗಮಂದಿರ, ರಾಜಸಮಾಧಿಗಳ ಸಾಲು. ಗುಡ್ಡದ ಮೇಲೆ ಬಂಡೆಯಲ್ಲಿ ಕೊರೆದ ಅಲ್ ದೈರ್ ಎಂಬ ಸ್ಮಾರಕಕ್ಕೆ ಹತ್ತುವ ಎಂಟುನೂರು ಚಿಲ್ಲರೆ ಮೆಟ್ಟಿಲುಗಳ ಬುಡಕ್ಕೆ ಬರುವಷ್ಟರಲ್ಲಿ ಎರಡೂವರೆಯಾಗಿತ್ತು. ಮಂಡಿ ನೋಯುತ್ತಿತ್ತು, ಸಂಜೆಯ ಬಸ್ಸಿನ ಚಿಂತೆ ಬೇರೆ. ಹಿಂತಿರುಗಿಬಿಟ್ಟೆ.

ಮನೆಯಲ್ಲಿ ಚಿತ್ರಗಳನ್ನೆಲ್ಲ ನೋಡಿ ಮುಗಿಸಿದ ಅಮ್ಮ ಕೇಳಿದ್ದು ಇಷ್ಟೇ: "ಇದೆಲ್ಲ ಗೋರಿ ಅಂತೀಯ. ಹಾಗಾದರೆ ಆ ಜನ ಎಲ್ಲಿದ್ದರು? ಒಲೆ ಎಲ್ಲಿ ಹೂಡುತ್ತಿದ್ದರು? ಆ ಬೆಂಗಾಡಿನಲ್ಲಿ ಕುಡಿಯೋಕೆ ನೀರು ಎಲ್ಲಿಂದ ತರುತ್ತಿದ್ದರು?" ಇಡೀ ದಿನ ಒಂದು ನಗರದಲ್ಲಿ ಓಡಾಡಿ ಬಂದವಳಿಗೆ ಇದು ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಪೆಟ್ರಾದಲ್ಲಿ ಊರು ಎಲ್ಲಿತ್ತು?

ಬೆಳ್ಳಿಮೋಡ:
ಮೊದಲ ತಪ್ಪು ಒಂದೇ ದಿನಕ್ಕೆ ಹೋದದ್ದು. ಜೋರ್ಡಾನ್ ಪಾಸ್ ಎಂಬ ಪ್ರವಾಸಿ ಟಿಕೆಟ್ಟು ಒಂದು ದಿನದ ಪೆಟ್ರಾ ಸೇರಿ 70 ದಿನಾರ್, ಎರಡು ದಿನಕ್ಕೆ 75, ಮೂರು ದಿನಕ್ಕೆ 80. ಆ ದೇಶದಲ್ಲಿ ಮೂರು ರಾತ್ರಿ ತಂಗಿದರೆ 40 ದಿನಾರಿನ ವೀಸಾ ಶುಲ್ಕವೂ ಉಳಿಯುತ್ತದೆ. ಅಷ್ಟು ದೂರ ವಿಮಾನದಲ್ಲಿ ಹೋಗಿ ಐದು ದಿನಾರಿಗೆ ಜಿಪುಣತನ ಮಾಡಬಾರದಿತ್ತು. ವಾದಿ ಮೂಸಾದಲ್ಲೇ ತಂಗಿ, ಆರು ಗಂಟೆಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿದ್ದರೆ ಸೀಕ್‌ನಲ್ಲಿ ನಿಮ್ಮ ಹೆಜ್ಜೆಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಒಂಟಿ ಪಯಣಿಗಿತ್ತಿ:
ಒಪ್ಪಿದೆ. ಆ ಐದು ದಿನಾರು ಈಗಲೂ ಹೊಟ್ಟೆ ಉರಿಸುತ್ತಿದೆ.

ಕಲ್ಲುಕುಟಿಗ:
ಮೇಡಂ, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕಲ್ಲಿನ ಕೆಲಸ. ನಾನು ಪೆಟ್ರಾ ನೋಡಿಲ್ಲ, ಆದರೆ ಚಿತ್ರಗಳನ್ನು ಕಸುಬಿನವನ ಕಣ್ಣಿನಿಂದ ನೋಡಿದ್ದೇನೆ. ಅಲ್ಲಿನ ಜನ ಮೇಲಿನಿಂದ ಕೆಳಕ್ಕೆ ಕೆತ್ತಿದ್ದಾರೆ. ಮೊದಲು ಬಂಡೆಯ ನೆತ್ತಿಗೆ ಹೋಗಿ, ನಿಲ್ಲಲು ಒಂದು ಅಂಚು ಕಡಿದುಕೊಂಡು, ಕಲಶದಿಂದ ಶುರು ಮಾಡಿ ಇಳಿಯುತ್ತ ಬರುವುದು. ಹೀಗೆ ಮಾಡಿದರೆ ಕೆಳಗಿನಿಂದ ಮೇಲಿನವರೆಗೂ ಮರದ ಸಾರುವೆ ಕಟ್ಟುವ ಕಷ್ಟವಿಲ್ಲ, ಮೇಲಿನಿಂದ ಬೀಳುವ ಚಕ್ಕೆ ಮುಗಿದ ಕೆಲಸಕ್ಕೆ ತಾಗುವುದಿಲ್ಲ. ಆದರೆ ಒಂದು ಏಟು ತಪ್ಪಿದರೆ ಬದಲಿಗೆ ಬೇರೆ ಕಲ್ಲು ತಂದು ಕೂರಿಸಲಾಗದು. ಬಾದಾಮಿಯ ಕಲ್ಲೂ ಮರಳುಗಲ್ಲೇ. ಉಳಿಗೆ ಒಗ್ಗುತ್ತದೆ, ಆದರೆ ಗಾಳಿಗೂ ಉಪ್ಪಿಗೂ ಅಷ್ಟೇ ಬೇಗ ಸೋಲುತ್ತದೆ. ಸತ್ತವರಿಗಾಗಿ ಇಷ್ಟು ಕಡಿದವರು ಬದುಕಿದ್ದವರಿಗಾಗಿ ಏನು ಮಾಡಿಕೊಂಡಿದ್ದರೆಂದು ನನಗೂ ತಿಳಿಯಬೇಕು.

ಕುಂದಾಪ್ರದ ಮಾಣಿ, ಜುಬೈಲ್:
ಕಲ್ಲುಕುಟಿಗರು ಹೇಳಿದ್ದನ್ನು ಕಣ್ಣಾರೆ ನೋಡಬೇಕಾದರೆ ಸೌದಿಯ ಹೆಗ್ರಾಕ್ಕೆ ಬರಬೇಕು. ಮದಾಯಿನ್ ಸಾಲೇಹ್ ಎಂದರೂ ಅದೇ. ಪೆಟ್ರಾ ಕಟ್ಟಿದ ನಬಾತಿಯನ್ನರದೇ ದಕ್ಷಿಣದ ಪಟ್ಟಣ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಸೌದಿಯ ಮೊದಲ ತಾಣ. ಅಲ್ಲಿ ಕಸ್ರ್ ಅಲ್ ಫರೀದ್ ಎಂಬ ಒಂಟಿ ಬಂಡೆಯ ಸಮಾಧಿಯಿದೆ. ಮೇಲ್ಭಾಗವೆಲ್ಲ ನುಣುಪು, ಕೆಳಭಾಗದಲ್ಲಿ ಉಳಿಯ ಏಟುಗಳು ಹಾಗೆಯೇ ಒರಟೊರಟಾಗಿ ಉಳಿದಿವೆ. ಕೆಲಸ ಅರ್ಧಕ್ಕೆ ನಿಂತದ್ದರಿಂದ ವಿಧಾನ ಬಯಲಾಗಿದೆ.

ಪೆಟ್ರಾದ ಗೋಡೆಗಳು ಬಹುತೇಕ ಮೂಕ, ಹೆಗ್ರಾದವು ಮಾತಾಡುತ್ತವೆ. ಬಾಗಿಲಿನ ಮೇಲೆ ಬರಹವಿದೆ: ಈ ಸಮಾಧಿ ಯಾರದು, ಯಾವ ದೊರೆಯ ಎಷ್ಟನೆಯ ವರ್ಷದಲ್ಲಿ ಮಾಡಿದ್ದು, ಕೆತ್ತಿದವನ ಹೆಸರೇನು, ಹಕ್ಕಿಲ್ಲದವರು ಯಾರನ್ನಾದರೂ ತಂದು ಇಲ್ಲಿ ಹೂತರೆ ದೇವರಿಗೆಷ್ಟು ದಂಡ, ದೊರೆಗೆಷ್ಟು ದಂಡ. ಓದಿ ಹೇಳಿದಾಗ ನನಗೆ ನಮ್ಮೂರಿನ ಜಾಗದ ತಕರಾರು ನೆನಪಾಯಿತು. ಎರಡು ಸಾವಿರ ವರ್ಷದ ಹಿಂದಿನ ಜನರೂ ಪಹಣಿ ಸರಿಯಿಟ್ಟುಕೊಂಡಿದ್ದರು.

ನಿವೃತ್ತ ಮೇಷ್ಟ್ರು:
ಅಮ್ಮನವರ ಪ್ರಶ್ನೆ ನೇರವಾಗಿದೆ, ಅದಕ್ಕೆ ನೇರವಾಗಿಯೇ ಉತ್ತರಿಸುತ್ತೇನೆ. ಊರು ಇದ್ದದ್ದು ನೀವು ಬಿಸಿಲಿಗೆ ತಲೆ ತಗ್ಗಿಸಿ ಬೇಗ ಬೇಗ ದಾಟಿಹೋದ ಬಯಲಿನಲ್ಲಿ. ರಾಜಸಮಾಧಿಗಳಿಂದ ಮುಂದೆ ಕಂಬಗಳ ಸಾಲಿನ ಬೀದಿ ಸಿಗುತ್ತದೆ. ಅದರ ಎರಡೂ ಮಗ್ಗುಲಿನ ದಿಬ್ಬಗಳಲ್ಲಿ ಒಡೆದ ಕಲ್ಲು, ಮಡಕೆಯ ಚೂರು ಬಿಟ್ಟರೆ ಏನೂ ಇಲ್ಲವೆಂದು ಎಲ್ಲರೂ ಅಲ್ ದೈರ್ ಕಡೆಗೆ ಓಡುತ್ತಾರೆ. ಆ ದಿಬ್ಬಗಳೇ ಮನೆಗಳು.

ಕ್ರಿಸ್ತಪೂರ್ವ 1ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಡಯೊಡೊರಸ್ ಹಳೆಯ ಮಾಹಿತಿಯನ್ನು ಆಧರಿಸಿ, ನಬಾತಿಯನ್ನರು ಮನೆ ಕಟ್ಟುವುದಿಲ್ಲ, ಬಿತ್ತುವುದಿಲ್ಲ, ದ್ರಾಕ್ಷಾರಸ ಕುಡಿಯುವುದಿಲ್ಲ ಎಂದು ಬರೆದ. ಒಂಟೆಯ ಸಾರ್ಥದಲ್ಲಿ ಧೂಪ, ಗುಗ್ಗುಳದಂಥ ಸುಗಂಧದ ಅಂಟುಗಳನ್ನು ಸಾಗಿಸುತ್ತಿದ್ದ ಡೇರೆಯ ಜನ ಅವರು. ಹಣ ಕೂಡಿದಂತೆ ಡೇರೆ ಕಲ್ಲಾಯಿತು. ಅಜ್ ಜಂತೂರ್ ಎಂಬ ದಿಬ್ಬದಲ್ಲಿ ಸ್ವಿಸ್ ತಂಡ 1988ರಿಂದ ನಡೆಸಿದ ಉತ್ಖನನದಲ್ಲಿ ಗೋಡೆಗೆ ಬಣ್ಣದ ಚಿತ್ರ ಬರೆದ ಶ್ರೀಮಂತರ ಮನೆಗಳೇ ಸಿಕ್ಕಿವೆ. ನಾಲ್ಕನೆಯ ಅರೇತಾಸ್ ದೊರೆಯ ಕಾಲ, ಅಂದರೆ ಕ್ರಿಸ್ತಪೂರ್ವ 9ರಿಂದ ಕ್ರಿಸ್ತಶಕ 40ರವರೆಗೆ, ಊರಿನ ಉಚ್ಛ್ರಾಯದ ಕಾಲ. ಖಜ್ನೆಯೂ ಆಗಿನದೇ ಎಂದು ಹೆಚ್ಚಿನ ವಿದ್ವಾಂಸರ ಮತ. 106ರಲ್ಲಿ ರೋಮಿನ ಟ್ರಾಜನ್ ಈ ರಾಜ್ಯವನ್ನು ನುಂಗಿದ. 363ರ ಭೂಕಂಪದಲ್ಲಿ ಕಟ್ಟಿದ್ದರಲ್ಲಿ ಬಹಳಷ್ಟು ಉರುಳಿತು, ಕೊರೆದದ್ದು ನಿಂತಿತು. ಕಟ್ಟಿದ್ದು ಮನೆ, ಕೊರೆದದ್ದು ಗೋರಿ. ನಿಮ್ಮ ಕಣ್ಣಿಗೆ ಗೋರಿಗಳಷ್ಟೇ ಬಿದ್ದದ್ದು ಈ ಕಾರಣಕ್ಕೆ.

ಆದರೂ ಊರು ಆ ದಿನವೇ ಸತ್ತಿತೆಂದು ತಿಳಿಯಬೇಡಿ. 1993ರಲ್ಲಿ ಅಲ್ಲಿನ ಬೈಜಾಂಟೈನ್ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸುಟ್ಟು ಕರಿಕಾದ ಸುಮಾರು 140 ಪಪೈರಸ್ ಸುರುಳಿಗಳು ಸಿಕ್ಕವು. 6ನೆಯ ಶತಮಾನದ ಗ್ರೀಕ್ ಕಾಗದಪತ್ರಗಳು: ಆಸ್ತಿ ಪಾಲು, ಮದುವೆಯ ಕರಾರು, ತೆರಿಗೆಯ ವರ್ಗಾವಣೆ, ವ್ಯಾಜ್ಯ. ಪಾಳುಬಿದ್ದ ಊರಿನಲ್ಲಿ ದಾಯಾದಿ ಜಗಳ ಇರುವುದಿಲ್ಲ.

ಗಿರಣಿಚಾಳ:
ಮೇಷ್ಟ್ರೇ, ಆ ಕೊನೆಯ ವಾಕ್ಯವನ್ನು ನಮ್ಮ ಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ವಿಶ್ವಗುರು_ಭಕ್ತ:
ಒಂದು ವಿಷಯವನ್ನು ಎಲ್ಲರೂ ಮರೆತಂತಿದೆ. ಮೇಲಿನಿಂದ ಕೆಳಕ್ಕೆ ಕೆತ್ತುವುದು ಎಲ್ಲೋರದ ಕೈಲಾಸ ದೇಗುಲದ ವಿಧಾನ. ಪೆಟ್ರಾದ ಮಹಾದೇಗುಲದ ಕಂಬಗಳ ಬೋದಿಗೆಯಲ್ಲಿ ಆನೆಯ ತಲೆಗಳಿವೆ. ಮರುಭೂಮಿಯಲ್ಲಿ ಆನೆ ಎಲ್ಲಿಂದ ಬಂತು? ನಮ್ಮ ಶಿಲ್ಪಿಗಳೇ ಹೋಗಿ ಕೆತ್ತಿದ್ದಾರೆಂಬುದಕ್ಕೆ ಇನ್ನೇನು ಸಾಕ್ಷ್ಯ ಬೇಕು?

ನಿವೃತ್ತ ಮೇಷ್ಟ್ರು:
ಆನೆಯ ತಲೆಗಳಿರುವುದು ನಿಜ. ತಾವು ಅದನ್ನು ಗಮನಿಸಿದ್ದಕ್ಕೆ ಸಂತೋಷ. ಆದರೆ ಕೈಲಾಸವನ್ನು ಕೊರೆಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೆಯ ಶತಮಾನದವನು. ಖಜ್ನೆಯ ಶಿಲ್ಪಿ ಅವನ ಮುತ್ತಜ್ಜನ ಮುತ್ತಜ್ಜನಿಗಿಂತಲೂ ಹಿಂದಿನವನು. ಏಳುನೂರು ವರ್ಷ ತಡವಾಗಿ ಹುಟ್ಟಿದ ಗುರು ಪಾಠ ಹೇಳುವುದಾದರೂ ಹೇಗೆ? ಖಜ್ನೆಯ ನೆತ್ತಿಯ ನಡುವೆ ಸೀಳಿದಂತಿರುವ ತ್ರಿಕೋನ ಮುಡಿ, ಅದರ ನಡುವಿನ ದುಂಡು ಮಂಟಪ, ಎಲೆಗಳ ಬೋದಿಗೆ ಎಲ್ಲವೂ ಅಲೆಕ್ಸಾಂಡ್ರಿಯಾ ಕಡೆಯ ಗ್ರೀಕ್ ಶೈಲಿಯವು.

ಆನೆಯ ಮಾತಿಗೆ ಬಂದರೆ, ಪಶ್ಚಿಮ ಏಷ್ಯಾಕ್ಕೆ ಭಾರತದ ಆನೆ ಹೊಸದಲ್ಲ. ಅಲ್ಲಿನ ಗ್ರೀಕ್ ದೊರೆ ಸೆಲ್ಯೂಕಸ್‌ಗೆ ಐನೂರು ಆನೆಗಳನ್ನು ಕೊಟ್ಟವನು ಚಂದ್ರಗುಪ್ತ ಮೌರ್ಯ, ಶ್ರವಣಬೆಳಗೊಳದಲ್ಲಿ ದೇಹ ಬಿಟ್ಟನೆಂದು ನಮ್ಮ ಜೈನ ಪರಂಪರೆ ನಂಬುವ ಅದೇ ಚಂದ್ರಗುಪ್ತ. ಸಂಬಂಧ ಬೇಕೆನ್ನುವುದಾದರೆ ವ್ಯಾಪಾರದ ಸಂಬಂಧ ಗಟ್ಟಿಯಾಗಿದೆ. ಮಲಬಾರಿನ ಮೆಣಸಿನ ವಹಿವಾಟನ್ನು ಹೇಳುವ 1ನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲೇ ಕೆಂಪು ಸಮುದ್ರದ ಲ್ಯೂಕೆ ಕೋಮೆ ಬಂದರಿನಿಂದ ಪೆಟ್ರಾಕ್ಕೆ, ನಬಾತಿಯನ್ನರ ದೊರೆ ಮಾಲಿಕಸನ ಬಳಿಗೆ, ದಾರಿಯಿತ್ತೆಂದು ಬರೆದಿದೆ.

ವಿಶ್ವಗುರು_ಭಕ್ತ:
ವ್ಯಾಪಾರಿ ಹೋಗುವ ದಾರಿಯಲ್ಲಿ ಶಿಲ್ಪಿ ಹೋಗಬಾರದೆಂಬ ನಿಯಮವೇನಾದರೂ ಇದೆಯೇ?

ಕಲ್ಲುಕುಟಿಗ:
ನಿಯಮವಿಲ್ಲ ಸ್ವಾಮಿ, ಆದರೆ ಕೆಲಸದಲ್ಲಿ ಕೈಬರಹ ಕಾಣಬೇಕು. ನಮ್ಮವರು ಕೆತ್ತಿದ್ದರೆ ಒಂದಾದರೂ ಬಳ್ಳಿ ನಮ್ಮ ಹಾಗೆ ಬಾಗಿರುತ್ತಿತ್ತು.

ನೀರ್ಗಂಟಿ:
ನೀರಾವರಿ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದು ನಿವೃತ್ತನಾದವನು ನಾನು. 2019ರಲ್ಲಿ ಪೆಟ್ರಾ ನೋಡಿದೆ. ಎಲ್ಲರೂ ಮನೆ ಎಲ್ಲಿ ಎಂದು ಚರ್ಚಿಸುತ್ತಿದ್ದೀರಿ, ಅಮ್ಮನವರ ಮೂರನೆಯ ಪ್ರಶ್ನೆ ಹಾಗೆಯೇ ಬಿದ್ದಿದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದೇ ಅದು.

ಆ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ನಮ್ಮ ಚಳ್ಳಕೆರೆಯಂಥ ಒಣ ತಾಲ್ಲೂಕಿಗೂ ಇದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಬೀಳುವಷ್ಟೂ ಚಳಿಗಾಲದ ಕೆಲವೇ ದಿನಗಳಲ್ಲಿ, ಅದೂ ಬರಿಯ ಬಂಡೆಯ ಮೇಲೆ. ಇಂಗುವ ಮಣ್ಣಿಲ್ಲದ ಕಾರಣ ಸುತ್ತಲಿನ ಗುಡ್ಡಗಳ ನೀರೆಲ್ಲ ಒಮ್ಮೆಲೇ ಸೀಕ್‌ಗೆ ನುಗ್ಗುತ್ತದೆ. ಅಂದರೆ ಒಂದೇ ಊರಿಗೆ ಎರಡು ಕಾಯಿಲೆ: ವರ್ಷವಿಡೀ ಬಾಯಾರಿಕೆ, ಒಂದೆರಡು ದಿನ ಪ್ರವಾಹ. ನಬಾತಿಯನ್ನರು ಎರಡಕ್ಕೂ ಬೇರೆ ಬೇರೆ ಮದ್ದು ಮಾಡಿದರು.

ಪ್ರವಾಹಕ್ಕೆ: ಸೀಕ್‌ನ ಬಾಯಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಬಲಗಡೆಯ ಗುಡ್ಡದಲ್ಲಿ ಸುಮಾರು 88 ಮೀಟರ್ ಉದ್ದದ ಸುರಂಗ ಕೊರೆದು, ನೀರನ್ನು ಬೇರೊಂದು ಕಣಿವೆಯ ಮೂಲಕ ಊರು ಬಳಸಿ ಹೋಗುವಂತೆ ತಿರುಗಿಸಿದರು. ಕೆರೆಯವರ ಭಾಷೆಯಲ್ಲಿ ಹೇಳುವುದಾದರೆ ಕೋಡಿಯನ್ನು ಊರಾಚೆಗೆ ಬಿಟ್ಟರು. ಪ್ರವಾಸಿಗರು ಸೀಕ್ ಪ್ರವೇಶಿಸುವ ಕಾತರದಲ್ಲಿ ಆ ಸುರಂಗದ ಬಾಯಿಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಆ ಒಡ್ಡು ಶತಮಾನಗಳ ಹಿಂದೆಯೇ ಹಾಳಾಗಿತ್ತು. 1963ರ ಏಪ್ರಿಲ್‌ನಲ್ಲಿ ಸೀಕ್‌ನೊಳಗಿದ್ದ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರನ್ನು ಹಠಾತ್ ಪ್ರವಾಹ ಬಲಿ ತೆಗೆದುಕೊಂಡ ಮೇಲೆ, ಅದೇ ಹಳೆಯ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಇಪ್ಪತ್ತನೆಯ ಶತಮಾನದ ಎಂಜಿನಿಯರುಗಳಿಗೂ ಅದಕ್ಕಿಂತ ಒಳ್ಳೆಯ ಜಾಗ ಹೊಳೆಯಲಿಲ್ಲ ಎಂಬುದು ನನಗೆ ಖುಷಿ ಕೊಡುವ ವಿಷಯ.

ಬಾಯಾರಿಕೆಗೆ: ಊರಾಚೆಯ ಐನ್ ಮೂಸಾ ಬುಗ್ಗೆಯಿಂದ ಕಾಲುವೆ ತಂದರು. ಸೀಕ್‌ನಲ್ಲಿ ಒಳಮುಖವಾಗಿ ನಡೆಯುವಾಗ ಎಡಗೋಡೆಯಲ್ಲಿ ಬಂಡೆಯನ್ನೇ ಕಡಿದ ಕಾಲುವೆ ಇದೆ. ಬಲಗೋಡೆಯಲ್ಲಿ ಸುಟ್ಟ ಮಣ್ಣಿನ ಗಿಡ್ಡ ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ, ಸಂದಿಗೆ ಗಾರೆ ಮೆತ್ತಿ ಕೂರಿಸಿದ್ದಾರೆ. ವಿಜಯಪುರದಲ್ಲಿ ಆದಿಲ್‌ಶಾಹಿಗಳು ಹೂತ ಮಣ್ಣಿನ ಕೊಳವೆಗಳನ್ನು ಕಂಡವರಿಗೆ ಇದು ಪರಿಚಿತ ನೋಟ. ದಾರಿಯ ನಡುವೆ ಅಲ್ಲಲ್ಲಿ ಹೂಳು ನಿಲ್ಲಲು ತೊಟ್ಟಿಗಳಿವೆ. ನಾನು ಬಲಗೋಡೆಯ ಕೊಳವೆಯ ಸಾಲನ್ನು ಕಣ್ಣಳತೆಯಲ್ಲೇ ಹಿಂಬಾಲಿಸುತ್ತ ಹೋದೆ. ದಾರಿ ಕೆಳಗೆ ಇಳಿದಂತೆ ಅದು ಇಳಿಯುವುದಿಲ್ಲ. ಮೆಲ್ಲನೆ, ಬೇಕಾದಷ್ಟು ಮಾತ್ರ ಇಳಿಯುತ್ತದೆ. ಹಿಂದಿನಿಂದ ಬಂದ ತಂಡದವರು ನನ್ನನ್ನು ತಳ್ಳಿಕೊಂಡು ಖಜ್ನೆಯತ್ತ ಓಡಿದರು.

ಇನ್ನೊಂದು ಮಾತು. ಮಹಾದೇಗುಲದ ಪಕ್ಕದ ಹಾಳು ಬಯಲನ್ನು ಬಹಳ ಕಾಲ ಸಂತೆಮಾಳವೆಂದೇ ಕರೆಯುತ್ತಿದ್ದರು. 1998ರಲ್ಲಿ ಅಗೆದು ನೋಡಿದರೆ ಅದು ನಡುವೆ ಮಂಟಪವಿದ್ದ ಭಾರೀ ಕೊಳ ಮತ್ತು ತೋಟ. ಮರುಭೂಮಿಯಲ್ಲಿ ದಣಿದು ಬಂದ ಸಾರ್ಥದವರೆದುರು ತುಂಬಿದ ಕೊಳವನ್ನಿಟ್ಟು ಕೂರುವುದಕ್ಕಿಂತ ದೊಡ್ಡ ದರ್ಪ ಬೇರೆ ಯಾವುದಿದೆ?

ಒಂಟಿ ಪಯಣಿಗಿತ್ತಿ:
ಸರ್, ಎಡಗೋಡೆಯ ಕಾಲುವೆಯನ್ನು ಚರಂಡಿ ಎಂದುಕೊಂಡೆ. ಬೈಯಬೇಡಿ.

ಆದರೆ ಸೀಕ್‌ನಲ್ಲಿ ಒಂದನ್ನು ಮಾತ್ರ ನೋಡಿದೆ. ಗೋಡೆಯಲ್ಲಿ ಒಂಟೆಗಳನ್ನು ನಡೆಸಿಕೊಂಡು ಬರುವ ಮನುಷ್ಯನ ಉಬ್ಬುಶಿಲ್ಪ. ಮೇಲ್ಭಾಗವೆಲ್ಲ ಸವೆದು ಹೋಗಿದೆ. ಉಳಿದಿರುವುದು ಅವನ ಪಾದಗಳು, ನಿಲುವಂಗಿಯ ಅಂಚು, ಒಂಟೆಯ ಗೊರಸುಗಳು. ಮುಖವಿಲ್ಲದ ಆ ಮನುಷ್ಯ ನನ್ನ ಎದುರು ದಿಕ್ಕಿನಲ್ಲಿ ಊರಾಚೆಗೆ ಹೋಗುತ್ತಿದ್ದನೋ, ನನ್ನ ಜೊತೆಗೇ ಊರೊಳಗೆ ಬರುತ್ತಿದ್ದನೋ ಎಂದು ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಹೊಸಪೇಟೆಯವ:
ಎಲ್ಲರೂ ಎರಡು ಸಾವಿರ ವರ್ಷದ ಹಿಂದಿನ ಒಲೆ ಹುಡುಕುತ್ತಿದ್ದೀರಿ. ಪೆಟ್ರಾದಲ್ಲಿ ಒಲೆ ಆರಿದ್ದು 1985ರಲ್ಲಿ. ಬ್ದೂಲ್ ಎಂಬ ಬೆದೂಯಿನ್ ಕುಲದವರು ತಲೆಮಾರುಗಳಿಂದ ಅಲ್ಲಿನ ಗುಹೆಗಳಲ್ಲೂ ಡೇರೆಗಳಲ್ಲೂ ಸಂಸಾರ ಹೂಡಿದ್ದರು. ಪೆಟ್ರಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ವರ್ಷವೇ ಅವರನ್ನು ಪಕ್ಕದ ಗುಡ್ಡದ ಉಮ್ಮ್ ಸೈಹೂನ್ ಎಂಬ ಹೊಸ ಹಳ್ಳಿಗೆ ಸಾಗಿಸಿದರು. ಇಂದು ನಿಮಗೆ ಕತ್ತೆ ಬೇಕೇ, ಚಹಾ ಬೇಕೇ ಎಂದು ಕೇಳುವವರಲ್ಲಿ ಬಹಳಷ್ಟು ಮಂದಿ ಆ ಗುಹೆಗಳಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು.

ಇದನ್ನು ನಾನು ಹೇಳಲು ಕಾರಣವಿದೆ. ಹಂಪಿ 1986ರಲ್ಲಿ ಅದೇ ಪಟ್ಟಿಗೆ ಸೇರಿತು. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಕೆಡವಿದಾಗ ನನ್ನ ಚಿಕ್ಕಪ್ಪನ ಇಡ್ಲಿ ಅಂಗಡಿಯೂ ಹೋಯಿತು. ಮಂಟಪಕ್ಕೆ ಹಾನಿಯಾಗುತ್ತಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳಗ್ಗೆ ಐದಕ್ಕೆ ಹಬೆಯಾಡುತ್ತಿದ್ದ ಬೀದಿಯನ್ನು ತೆರವು ಮಾಡಿ, ಆಮೇಲೆ ಬಂದವರಿಗೆ ಇದು ಪಾಳು ನಗರವೆಂದು ವಿವರಿಸುವುದು ನನಗೆ ಅರ್ಥವಾಗುವುದಿಲ್ಲ.

ಬೆಳ್ಳಿಮೋಡ:
ನಿಮ್ಮ ನೋವು ತಿಳಿಯುತ್ತದೆ, ಆದರೂ ಪೂರ್ತಿ ಒಪ್ಪಲಾರೆ. ಪೆಟ್ರಾದ ಹತ್ತಿರವೇ ಇರುವ ಪುಟ್ಟ ಪೆಟ್ರಾ ಎಂಬ ತಾಣದ ಒಂದು ಕೋಣೆಯ ಚಾವಣಿಯಲ್ಲಿ ದ್ರಾಕ್ಷಿ ಬಳ್ಳಿ, ಹಕ್ಕಿಗಳ ವರ್ಣಚಿತ್ರವಿದೆ. ಒಲೆಯ ಹೊಗೆ ಹಿಡಿದು ಅದು ಕಪ್ಪಾಗಿ ಹೋಗಿತ್ತು. ಸ್ವಚ್ಛಗೊಳಿಸಿದ ಮೇಲೆಯೇ ಅದರ ಬಣ್ಣ ಲೋಕಕ್ಕೆ ಕಂಡಿತು. ಗುಹೆಗಳಲ್ಲಿ ಸಂಸಾರ ಮುಂದುವರಿದಿದ್ದರೆ ಆ ಹಕ್ಕಿಗಳನ್ನು ನಾವು ನೋಡುತ್ತಿದ್ದೆವೇ?

ಹೊಸಪೇಟೆಯವ:
ಆ ಹೊಗೆಯೂ ಒಂದು ದಾಖಲೆ, ಅಕ್ಕಾ. ಒರೆಸುವವರು ಯಾವುದನ್ನು ಒರೆಸಬೇಕೆಂದು ತೀರ್ಮಾನಿಸುತ್ತಾರೆ, ಅಷ್ಟೇ.

ಗಿರಣಿಚಾಳ:
1812ರಲ್ಲಿ ಪೆಟ್ರಾವನ್ನು ಬರ್ಕ್‌ಹಾರ್ಟ್ ಕಂಡುಹಿಡಿದ ಎಂದು ಓದಿದ್ದೆ. ಬೆದೂಯಿನರು ಅಲ್ಲೇ ಇದ್ದರೆಂದ ಮೇಲೆ ಅವನು ಕಂಡುಹಿಡಿದದ್ದು ಏನನ್ನು?

ನಿವೃತ್ತ ಮೇಷ್ಟ್ರು:
ಯುರೋಪಿನವರಿಗೆ ಸುದ್ದಿ ಮುಟ್ಟಿಸಿದ, ಅಷ್ಟೇ. ಆ ಸ್ವಿಸ್ ಪ್ರವಾಸಿ ಶೇಖ್ ಇಬ್ರಾಹಿಂ ಎಂದು ವೇಷ ಮರೆಸಿಕೊಂಡು, ಹಾರೂನ್ ಪ್ರವಾದಿಯ ಗೋರಿಗೆ ಮೇಕೆ ಬಲಿ ಕೊಡುವ ಹರಕೆಯಿದೆಯೆಂದು ನೆಪ ಹೇಳಿ ಸ್ಥಳೀಯನೊಬ್ಬನನ್ನು ದಾರಿಗೆ ಕರೆದುಕೊಂಡ. ದಾರಿ ತೋರಿಸುವವನು ಜೊತೆಯಲ್ಲಿದ್ದ ಮೇಲೆ ಕಂಡುಹಿಡಿಯುವ ಮಾತೆಲ್ಲಿಯದು? 1276ರಲ್ಲಿ ಈಜಿಪ್ಟಿನ ಸುಲ್ತಾನ ಬೈಬರ್ಸ್ ಕೂಡ ಆ ಮಾರ್ಗವಾಗಿ ಹೋಗಿದ್ದಾನೆ.

ಮಲ್ನಾಡ್ ಹುಡ್ಗಿ:
ನಾನು ಮುಂದಿನ ಮಾರ್ಚಿನಲ್ಲಿ ಒಬ್ಬಳೇ ಹೊರಡುವ ಯೋಚನೆಯಲ್ಲಿದ್ದೇನೆ. ಊಟ, ಸುರಕ್ಷತೆ, ಕತ್ತೆ ಸವಾರಿ ಈ ಮೂರರ ಬಗ್ಗೆ ಯಾರಾದರೂ ನೇರವಾಗಿ ಹೇಳುವಿರಾ?

ಒಂಟಿ ಪಯಣಿಗಿತ್ತಿ:
ಸಸ್ಯಾಹಾರಿಯಾದರೆ ಹಮ್ಮುಸ್, ಫಲಾಫೆಲ್, ಬೇಯಿಸಿದ ಅವರೆಯಂಥ ಕಾಳಿನ ಫೂಲ್, ಬಿಸಿ ರೊಟ್ಟಿ ಇವುಗಳಲ್ಲೇ ದಿನ ಕಳೆಯಬಹುದು. ಉಪ್ಪಿನಕಾಯಿ ಮನೆಯಿಂದಲೇ ಇರಲಿ. ಸುರಕ್ಷತೆಯ ವಿಷಯದಲ್ಲಿ ನನಗೆ ಯಾವ ತೊಂದರೆಯೂ ಆಗಲಿಲ್ಲ. ಆದರೆ ಗುಹೆಯಲ್ಲಿ ಚಹಾ ಕುಡಿಯೋಣ, ಸೂರ್ಯಾಸ್ತ ತೋರಿಸುತ್ತೇನೆ ಎನ್ನುವ ಕಾಡಿಗೆ ಕಣ್ಣಿನ ಯುವಕರಿಗೆ ನಗುತ್ತಲೇ ಬೇಡವೆಂದು ಹೇಳಿ ಮುಂದೆ ನಡೆಯಬೇಕು. ಖಜ್ನೆಯನ್ನು ಮೇಲಿನಿಂದ ತೋರಿಸುತ್ತೇನೆಂದು ಎದುರಿನ ಬಂಡೆ ಹತ್ತಿಸುವವರ ಹಿಂದೆಯೂ ಹೋಗಬೇಡ. ಅಲ್ ಖುಬ್ತಾ ಎಂಬ ಮೆಟ್ಟಿಲುದಾರಿಯಲ್ಲಿ ಹೋದರೆ ಅದೇ ನೋಟ ಸಿಗುತ್ತದಂತೆ.

ಕತ್ತೆಯ ಬಗ್ಗೆ: ಹತ್ತಬೇಡ. ಮೆಟ್ಟಿಲುಗಳ ಬುಡದಲ್ಲಿ ನಾನು ಕುಳಿತಿದ್ದಾಗ ಭಾರಿ ಮನುಷ್ಯನೊಬ್ಬನನ್ನು ಹೊತ್ತು ಇಳಿದ ಕತ್ತೆಯೊಂದರ ಮುಂಗಾಲು ನುಣುಪು ಮೆಟ್ಟಿಲ ಮೇಲೆ ಜಾರಿತು. ಅದು ಸಾವರಿಸಿಕೊಂಡು ನಿಂತಿತು, ಆದರೆ ನಡುಗುತ್ತಿತ್ತು.

ಕುಂದಾಪ್ರದ ಮಾಣಿ, ಜುಬೈಲ್:
ಮಾರ್ಚ್ ಆದರೆ ಹವಾಮಾನದ ಸುದ್ದಿ ನೋಡಿಕೊಂಡು ಹೊರಡಿ. 2018ರ ನವೆಂಬರಿನಲ್ಲಿ ಮಳೆ ಬಂದು ಸುಮಾರು ನಾಲ್ಕು ಸಾವಿರ ಪ್ರವಾಸಿಗರನ್ನು ಪೆಟ್ರಾದಿಂದ ತೆರವುಗೊಳಿಸಿದ್ದರು.

ಒಂಟಿ ಪಯಣಿಗಿತ್ತಿ:
ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. ದಿಬ್ಬಗಳೇ ಮನೆಗಳೆಂಬ ಮಾತಿಗೆ ತಲೆಯಾಡಿಸಿದಳು. ಕೊಳವೆಯ ವಿಷಯ ಬಂದಾಗ ಮಾತ್ರ ಚಿತ್ರ ತೋರಿಸೆಂದು ಹಟ ಹಿಡಿದಳು. ನಾಲ್ಕುನೂರು ಚಿಲ್ಲರೆ ಚಿತ್ರಗಳಲ್ಲಿ ಒಂದರಲ್ಲೂ ಕೊಳವೆಯಿಲ್ಲವೆಂದು ಒಪ್ಪಿಕೊಳ್ಳುವಷ್ಟರಲ್ಲಿ, ಬೇರೆ ಯಾರೋ ತೆಗೆದುಕೊಟ್ಟ ನನ್ನದೇ ಚಿತ್ರವೊಂದರಲ್ಲಿ ಅವಳೇ ಪತ್ತೆ ಹಚ್ಚಿದಳು. ನಾನು ಹಲ್ಲು ಕಿರಿದು ನಿಂತಿದ್ದೇನೆ. ಮೊಣಕೈ ಹಿಂದೆ, ಗೋಡೆಯಲ್ಲಿ, ಕೆಮ್ಮಣ್ಣಿನ ಗಿಡ್ಡ ಕೊಳವೆಗಳು ಮೂರು, ಒಂದರ ಬಾಯಲ್ಲಿ ಇನ್ನೊಂದು.

ನೀರ್ಗಂಟಿ:
ಆ ಚಿತ್ರವನ್ನು ಇಲ್ಲಿ ಹಾಕಿ ಮೇಡಂ. ತಾವು ಸ್ವಲ್ಪ ಬದಿಗೆ ಸರಿದು ನಿಂತಿದ್ದರೆ ಗಾರೆಯ ಸಂದಿಯೂ ಕಾಣುತ್ತಿತ್ತು.